ಟೆಂಟ್ ಫೋಟೊ ಆಮೇಲೆ, ಮೊದಲು ಅಂಗಳ ನೋಡಿ: ಮಕ್ಕಳ ಜೊತೆ ಗ್ಲ್ಯಾಂಪಿಂಗ್ ಹೊರಡುವವರಿಗೆ

ರಜೆ ಹತ್ತಿರ ಬಂತೆಂದರೆ ಒಂದೇ ಪ್ರಶ್ನೆ ಹತ್ತು ಜನರಿಂದ ಬರುತ್ತದೆ. ಮಕ್ಕಳು ಎರಡು ದಿನ ಮಣ್ಣಲ್ಲಿ ಆಡಬೇಕು, ಮರ ಹತ್ತಬೇಕು, ಮೊಬೈಲ್ ಮರೆಯಬೇಕು. ಆದರೆ ನಮಗೆ ಬೆನ್ನು ನೋಯದ ಹಾಸಿಗೆ, ಬಿಸಿನೀರು, ಸರಿಯಾದ ಟಾಯ್ಲೆಟ್ ಬೇಕು. ಅಂಥ ಜಾಗ ಎಲ್ಲಿದೆ? ಒಬ್ಬೊಬ್ಬರಿಗೂ ವಾಯ್ಸ್ ಮೆಸೇಜ್ ಕಳಿಸಿ ಸುಸ್ತಾಗಿದೆ. ಅದಕ್ಕೇ ಎಲ್ಲ ಒಂದು ಕಡೆ ಬರೆದಿಡುತ್ತಿದ್ದೇನೆ.

ಗೊತ್ತಿಲ್ಲದವರಿಗೆ: ಗ್ಲಾಮರ್, ಕ್ಯಾಂಪಿಂಗ್ ಎರಡೂ ಸೇರಿ ಆದ ಪದ ಗ್ಲ್ಯಾಂಪಿಂಗ್. ಟೆಂಟನ್ನು ನೀವು ಹಾಕಬೇಕಿಲ್ಲ, ಅವರೇ ಹಾಕಿಟ್ಟಿರುತ್ತಾರೆ. ಒಳಗೆ ಮಂಚ, ಫ್ಯಾನ್, ಹಿಂದೆ ಬಾತ್‌ರೂಮ್. ಇನ್ನು ಈ ಲೇಖನದಲ್ಲಿ ಆಟ ಅಂದರೆ 'ಬಿಟ್ಟ ಆಟ'. ಹಾಗಂದರೆ ದೊಡ್ಡವರು ನಿಯಮ ಹಾಕದ, ಟೈಮ್‌ಟೇಬಲ್ ಇಲ್ಲದ, ಬಹುಮಾನ ಇಲ್ಲದ ಆಟ. ಏನು ಆಡಬೇಕು, ಯಾವಾಗ ಸಾಕು ಅನ್ನಬೇಕು ಎಲ್ಲ ಮಕ್ಕಳದ್ದೇ ತೀರ್ಮಾನ. ಜಿಪ್‌ಲೈನ್, ರೋಪ್ ಕೋರ್ಸ್ ಚೆನ್ನಾಗಿರುತ್ತವೆ, ಆದರೆ ಅವು ಬಿಟ್ಟ ಆಟ ಅಲ್ಲ. ಹತ್ತು ನಿಮಿಷ ಕ್ಯೂ, ಒಂದು ನಿಮಿಷ ಮಜಾ, ಅಷ್ಟೇ.

ಎಲ್ಲರೂ ಮಾಡುವ ತಪ್ಪು ಒಂದೇ, ಟೆಂಟಿನ ಫೋಟೊ ನೋಡಿ ಬುಕ್ ಮಾಡುವುದು. ದುಡ್ಡು ಕೊಡುವುದು ಟೆಂಟಿಗೆ ನಿಜ, ಆದರೆ ಮಕ್ಕಳು ಹಗಲೆಲ್ಲ ಇರುವುದು ಅದರ ಹೊರಗೆ.

1. ಮೊದಲು ತಿಂಗಳು, ಆಮೇಲೆ ಊರು

ದಸರಾ ರಜೆಯಿಂದ ಫೆಬ್ರುವರಿವರೆಗೆ ನಮ್ಮ ಕಡೆ ಟೆಂಟಿಗೆ ಒಳ್ಳೆಯ ಕಾಲ. ಅಕ್ಟೋಬರ್‌ನಲ್ಲಿ ಮಲೆನಾಡಿನ ಕಡೆ ಸಂಜೆ ಮಳೆ ಇರಬಹುದು, ಆದರೆ ಹಸಿರು, ಹಳ್ಳ, ಕೆಸರು ಎಲ್ಲ ಇರುತ್ತದೆ, ಮಕ್ಕಳಿಗೆ ಅದೇ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ ಘಟ್ಟದ ಕಡೆ ಟೆಂಟ್ ಬೇಡ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನ ಪಾಲು ಈ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಮಳೆಗಾಲದಲ್ಲೇ ಹೋಗಬೇಕು ಅಂತಿದ್ದರೆ ಹೆಂಚಿನ ಮನೆಯ ಹೋಂಸ್ಟೇ ಹಿಡಿಯಿರಿ. ಜಗಲಿಯಲ್ಲಿ ಕೂತು ಮಳೆ ನೋಡುವುದೂ ಕಡಿಮೆ ಸುಖ ಅಲ್ಲ.

ಏಪ್ರಿಲ್-ಮೇ ಬಿಟ್ಟರೆ ಬೇರೆ ರಜೆ ಸಿಗುವುದಿಲ್ಲ ಅನ್ನುವವರು ಎತ್ತರದ ಊರು ನೋಡಿ. ಮಡಿಕೇರಿ, ಚಿಕ್ಕಮಗಳೂರು ಎರಡೂ 1,000 ಮೀಟರ್‌ಗಿಂತ ಮೇಲಿವೆ. ಬಯಲುಸೀಮೆಯಲ್ಲಿ ಮೇ ತಿಂಗಳ ಮಧ್ಯಾಹ್ನ ಟೆಂಟೊಳಗೆ ಕೂರಲು ಆಗುವುದಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಮುಖ ಇರುವ ಡೋಮ್ ಟೆಂಟಂತೂ, ರಾತ್ರಿ ನಕ್ಷತ್ರ ಕಾಣುತ್ತದೆ ಅಂತ ಜಾಹೀರಾತಿನಲ್ಲಿ ತೋರಿಸುತ್ತಾರಲ್ಲ ಅದು, ಬೆಳಗ್ಗೆ ಒಂಬತ್ತಕ್ಕೆಲ್ಲ ಇಡ್ಲಿ ಪಾತ್ರೆ ಆಗಿರುತ್ತದೆ. ನಾವು ಒಮ್ಮೆ ಅದರಲ್ಲಿ ಬೆಂದು ಬಂದವರು. ಮೇಲೆ ಎರಡು ಪದರದ ಚಾವಣಿ, ಮುಂದೆ ಜಗಲಿ ಇರುವ ಸ್ವಿಸ್ ಟೆಂಟ್ ವಾಸಿ.

ಕನಿಷ್ಠ ಎರಡು ರಾತ್ರಿ ಇರಿ. ಒಂದೇ ರಾತ್ರಿ ಅಂದರೆ ಮಧ್ಯಾಹ್ನ ಚೆಕ್-ಇನ್, ಮರುದಿನ ಹನ್ನೊಂದಕ್ಕೆ ಚೆಕ್-ಔಟ್. ಮಕ್ಕಳು ಆಟಕ್ಕೆ ಹತ್ತುವ ಹೊತ್ತಿಗೆ ನೀವು ಬ್ಯಾಗ್ ಜಿಪ್ ಎಳೆಯುತ್ತಿರುತ್ತೀರಿ.

2. ಜಾಗದ ಥರ ಆರಿಸಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಎಡವುವುದು ಇಲ್ಲೇ.

ಕಾಡೊಳಗಿನ ಕ್ಯಾಂಪು ಅಂದರೆ ಎಲ್ಲರಿಗೂ ಆಸೆ. ಬಿಳಿಗಿರಿರಂಗನ ಬೆಟ್ಟದ (ಬಿಆರ್‌ಟಿ) ಹುಲಿ ಸಂರಕ್ಷಿತ ಪ್ರದೇಶದ ಕೆ. ಗುಡಿಯಲ್ಲಿ ಸರ್ಕಾರಿ ಜಂಗಲ್ ಲಾಡ್ಜಸ್‌ನವರ ಟೆಂಟ್ ಕ್ಯಾಂಪ್ ಇದೆ, ಅದ್ಭುತ ಜಾಗ. ಆದರೆ ಅದು ಪ್ರಾಣಿಗಳ ಮನೆ. ಕಾಡುಹಂದಿ, ಜಿಂಕೆ ಟೆಂಟಿನ ಪಕ್ಕದಲ್ಲೇ ಓಡಾಡುತ್ತವೆ, ಆನೆ ಬಂದರೂ ಆಶ್ಚರ್ಯ ಇಲ್ಲ. ಅಲ್ಲಿ ಮಕ್ಕಳನ್ನು ಹೊರಗೆ ಬಿಡುವಂತಿಲ್ಲ, ಕತ್ತಲಾದ ಮೇಲೆ ಕೈ ಬಿಡುವಂತೆಯೇ ಇಲ್ಲ. ಸಫಾರಿ ಜೀಪಿನಲ್ಲಿ ಮೂರು ಗಂಟೆ ಬಾಯಿಮುಚ್ಚಿ ಕೂರಬೇಕು. ಹತ್ತು ವರ್ಷ ದಾಟಿದ, ಪ್ರಾಣಿ-ಪಕ್ಷಿ ಹುಚ್ಚಿರುವ ಮಗುವಿಗೆ ಇದು ಸರಿ. ಐದು ವರ್ಷದ ಮಗುವಿಗೆ ಶಿಕ್ಷೆ. ಕಬಿನಿ, ಬಂಡೀಪುರದ ಕಡೆಯ ಜಾಗಗಳಿಗೂ ಇದೇ ಮಾತು. ಹುಲಿ ನೋಡುವ ಪ್ರವಾಸ ಬೇರೆ, ಆಟದ ಪ್ರವಾಸ ಬೇರೆ. ಎರಡನ್ನೂ ಒಂದೇ ಬುಕಿಂಗ್‌ನಲ್ಲಿ ತುರುಕಬೇಡಿ.

ಹೊಳೆ ದಂಡೆಯ ಕ್ಯಾಂಪು ಎರಡನೆಯ ಥರ. ಕಾವೇರಿ ದಂಡೆಯ ಭೀಮೇಶ್ವರಿ ಬೆಂಗಳೂರಿನಿಂದ ಸುಮಾರು 100 ಕಿಲೋಮೀಟರ್. ಹೆಬ್ರಿ ಹತ್ತಿರದ ಸೀತಾನದಿ ಕ್ಯಾಂಪು ಆಗುಂಬೆ ಘಾಟಿ ಕೆಳಗಿದೆ. ಇಂಥ ಕಡೆ ಮರಳು, ನೆರಳು, ಕಲ್ಲು ಎಲ್ಲ ಸಿಗುತ್ತದೆ. ತೊಂದರೆ ನೀರಿನದೇ. ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರೆ ಕಾವೇರಿ ನೋಡನೋಡುತ್ತ ಏರುತ್ತದೆ. ಮುತ್ತತ್ತಿ, ಮೇಕೆದಾಟಿನ ಕಡೆ ಸುಳಿಗೆ ಸಿಕ್ಕಿ ಸತ್ತವರ ಸುದ್ದಿ ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ, ಈಜು ಬಂದವರೇ ಹೋಗಿದ್ದಾರೆ. ಕಾವೇರಿಯಲ್ಲೂ ದಾಂಡೇಲಿಯ ಕಾಳಿಯಲ್ಲೂ ಮೊಸಳೆ ಇದೆ. ಹೊಳೆ ಪಕ್ಕದಲ್ಲಿ ನೀವು ಕುರ್ಚಿ ಹಾಕಿಕೊಂಡು ಮೊಬೈಲ್ ನೋಡಲು ಆಗುವುದಿಲ್ಲ, ಇಡೀ ದಿನ ಕಾವಲು. ಹಾಗಾಗಿ ಮೊದಲ ಸಲಕ್ಕೆ ನಾನು ಹೇಳುವುದಿಲ್ಲ.

ಮೂರನೆಯದು ಕಾಫಿ ತೋಟ. ಸಕಲೇಶಪುರ, ಮೂಡಿಗೆರೆ, ಕೊಡಗು. ಮಕ್ಕಳಿಗೆ ತೋಟದಷ್ಟು ಚೆನ್ನಾಗಿರುವ ಆಟದ ಜಾಗ ಕಡಿಮೆ. ಸಣ್ಣ ತೊರೆ, ಹಲಸಿನ ಮರ, ಕಾಲುದಾರಿ, ಬಚ್ಚಿಟ್ಟುಕೊಳ್ಳಲು ಸಾಲು ಸಾಲು ಗಿಡ. ಆದರೆ 'ಇದು ತೋಟ, ಕಾಡಲ್ಲ, ಪ್ರಾಣಿ ಬರಲ್ಲ' ಅಂತ ಯಾರಾದರೂ ಅಂದರೆ ನಂಬಬೇಡಿ. ಸಕಲೇಶಪುರ, ಆಲೂರು, ಕೊಡಗಿನ ತೋಟಗಳಲ್ಲಿ ಆನೆ ಓಡಾಟ ದಿನನಿತ್ಯದ ವಿಷಯ. ವಯನಾಡಿನ ಮೇಪ್ಪಾಡಿಯಲ್ಲಿ 2021ರ ಜನವರಿಯಲ್ಲಿ ರೆಸಾರ್ಟೊಂದರ ಟೆಂಟ್‌ನಲ್ಲಿ ತಂಗಿದ್ದ ಮಹಿಳೆಯೊಬ್ಬರು ಆನೆ ದಾಳಿಗೆ ಬಲಿಯಾದರು. ಹೆದರಿಸಲು ಹೇಳುತ್ತಿಲ್ಲ. ಕಾಡಂಚಿನಲ್ಲಿ ಬಟ್ಟೆ ಟೆಂಟು ಗೋಡೆ ಅಲ್ಲ ಅಂತ ನೆನಪಿರಲಿ ಅಂತ.

ಇನ್ನೊಂದು, ತೋಟ ಅಂದರೆ ಕೆಲಸದ ಜಾಗ. ಡಿಸೆಂಬರ್-ಜನವರಿಯಲ್ಲಿ ಹಣ್ಣು ಕೊಯ್ಲು, ಕಾಫಿ ಒಣಗಿಸುವ ಕಣದಲ್ಲಿ ಮಕ್ಕಳು ಓಡಿದರೆ ತೋಟದವರಿಗೆ ನಷ್ಟ. ಮಳೆಗಾಲಕ್ಕೆ ಮುಂಚೆ ಮೈಲುತುತ್ತ-ಸುಣ್ಣ ಸೇರಿಸಿದ ಬೋರ್ಡೋ ಔಷಧಿ ಹೊಡೆಯುತ್ತಾರೆ. ಆ ವಾರ ಹೋಗಬೇಡಿ.

ನಾಲ್ಕನೆಯದು ಬಯಲುಸೀಮೆಯ ಫಾರ್ಮ್. ಕನಕಪುರ, ರಾಮನಗರ, ದೊಡ್ಡಬಳ್ಳಾಪುರದ ಸುತ್ತ ಬೇಕಾದಷ್ಟಿವೆ. ಫೋಟೊದಲ್ಲಿ ಡಲ್ ಕಾಣುತ್ತವೆ. ಮಾವಿನ ತೋಪು, ಎರಡು ಹಸು, ಮಣ್ಣಿನ ಗುಡ್ಡೆ, ಅಷ್ಟೇ. ಆರು ವರ್ಷದೊಳಗಿನ ಮಕ್ಕಳಿಗೆ, ಮೊದಲ ಸಲ ಹೋಗುವವರಿಗೆ ನಾನು ಕಣ್ಣುಮುಚ್ಚಿ ಹೇಳುವುದು ಇದನ್ನೇ. ಒಂದೇ ಒಂದು ಎಚ್ಚರಿಕೆ: ಕೃಷಿ ಹೊಂಡ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಕ್ಕೆ ಮಗು ಜಾರಿದರೆ ಹತ್ತಿ ಬರಲು ಹಿಡಿತವೇ ಸಿಗುವುದಿಲ್ಲ, ದೊಡ್ಡವರಿಗೂ ಸಿಗುವುದಿಲ್ಲ. ಸುತ್ತ ಬೇಲಿ ಇಲ್ಲದಿದ್ದರೆ ಆ ಜಾಗ ಬಿಟ್ಟುಬಿಡಿ, ಎಷ್ಟೇ ಕಡಿಮೆ ರೇಟ್ ಇರಲಿ.

3. ಫೋನ್ ಮಾಡಿ, ಆ್ಯಪ್‌ನಲ್ಲೇ ಮುಗಿಸಬೇಡಿ

ಮ್ಯಾನೇಜರ್ ಜೊತೆ ಹತ್ತು ನಿಮಿಷ ಮಾತಾಡಿ. 'ಮಕ್ಕಳಿಗೆ ಏನೇನು ಆಕ್ಟಿವಿಟಿ ಇದೆ' ಅಂತ ಕೇಳಬೇಡಿ, ಉದ್ದ ಪಟ್ಟಿ ಓದುತ್ತಾರೆ. 'ಮಕ್ಕಳು ಸುಮ್ನೆ ಆಡೋಕೆ ಎಷ್ಟು ಜಾಗ ಇದೆ, ಅಲ್ಲಿವರೆಗೆ ಗಾಡಿ ಬರುತ್ತಾ?' ಅಂತ ಕೇಳಿ. ಟೆಂಟಿನ ಮುಂದೆಯೇ ಪಾರ್ಕಿಂಗ್ ಇದ್ದರೆ ಮಕ್ಕಳನ್ನು ಬಿಟ್ಟು ಕೂರಲು ಆಗುವುದಿಲ್ಲ. ಟೆಂಟಿನಿಂದ ಆಟದ ಜಾಗ ಕಾಣುತ್ತದಾ ಅಂತಲೂ ಕೇಳಿ. ಕಂಡರೆ ನಿಮ್ಮ ಕಾಫಿ ಬಿಸಿಯಾಗಿರುವಾಗಲೇ ಮುಗಿಯುತ್ತದೆ.

ಆಮೇಲೆ ಶನಿವಾರ ರಾತ್ರಿ ಡಿಜೆ ಇದೆಯಾ? ಇದನ್ನು ನೇರವಾಗಿಯೇ ಕೇಳಿ. 'ಮ್ಯೂಸಿಕ್ ಇರುತ್ತೆ ಸರ್, ಲೈಟಾಗಿ' ಅಂದರೆ ಡಿಜೆ ಇದೆ ಅಂತಲೇ ಅರ್ಥ. ಆಫೀಸ್ ಟೀಮುಗಳು ಬರುವ ಜಾಗದಲ್ಲಿ ಮಕ್ಕಳಿಗೆ ನಿದ್ದೆ ಇಲ್ಲ. ಆದರೆ ಭಾನುವಾರದಿಂದ ಮಂಗಳವಾರದವರೆಗೆ ಅದೇ ಜಾಗ ಖಾಲಿ, ರೇಟೂ ಇಳಿದಿರುತ್ತದೆ. ಸ್ಕೂಲಿಗೆ ಒಂದೆರಡು ದಿನ ರಜೆ ಹಾಕಿಸಲು ಮನಸ್ಸು ಒಪ್ಪಿದರೆ ಯೋಚಿಸಿ.

ಆನೆ ವಿಷಯ ಕೇಳುವಾಗ 'ಬರುತ್ತಾ' ಅನ್ನಬೇಡಿ, 'ಕೊನೇ ಸಲ ಯಾವಾಗ ಬಂದಿತ್ತು, ಬಂದಾಗ ಏನು ಮಾಡ್ತೀರಿ' ಅನ್ನಿ. ಸರಿಯಾದ ತೋಟದವರಾದರೆ ಅರಣ್ಯ ಇಲಾಖೆಯ ಮೆಸೇಜ್ ನೋಡುತ್ತೇವೆ, ಅವತ್ತು ಸಂಜೆ ಐದಕ್ಕೇ ಎಲ್ಲರನ್ನೂ ಒಳಗೆ ಕರೆಯುತ್ತೇವೆ ಅಂತ ಥಟ್ಟನೆ ಹೇಳುತ್ತಾರೆ. 'ಏನೂ ಇಲ್ಲ ಮೇಡಂ, ಸೇಫ್' ಅಂತಷ್ಟೇ ಅಂದರೆ ಮುಂದಿನ ನಂಬರ್ ಹುಡುಕಿ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಹಾವು ಕಡಿತಕ್ಕೆ ಔಷಧಿ ಇದೆ, ಎಷ್ಟು ದೂರ, ಫೋನ್ ಸಿಗ್ನಲ್ ಎಲ್ಲಿ ಸಿಗುತ್ತದೆ, ಇವನ್ನೂ ಬರೆದುಕೊಳ್ಳಿ. ಹೋಂಸ್ಟೇ ಆದರೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯಾ ಅಂತ ಕೇಳಲು ಸಂಕೋಚ ಬೇಡ.

ರೇಟ್ ಟೆಂಟಿಗೋ ತಲೆಗೋ? ಎಷ್ಟು ವರ್ಷದ ಮಗುವಿಗೆ ಅರ್ಧ, ಎಷ್ಟಕ್ಕೆ ಪೂರ್ತಿ? ಇದನ್ನು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಅಜ್ಜಿ-ತಾತ ಜೊತೆಗಿದ್ದರೆ ಟೆಂಟಿಗೆ ಎಷ್ಟು ಮೆಟ್ಟಿಲು, ಕಮೋಡ್ ಇದೆಯಾ ಅಂತ ಕೇಳುವುದು ಮರೆಯಬೇಡಿ.

4. ಬ್ಯಾಗಿಗೆ ಏನು

ಆಟಿಕೆ ಬೇಡ. ಒಂದೂ ಬೇಡ. ಅದರ ಬದಲು ಬಿಡಿ ಸಾಮಾನು ಒಯ್ಯಿರಿ. ಮಕ್ಕಳು ಹೀಗೂ ಹಾಗೂ ಬಳಸಬಹುದಾದ ಇಂಥ ಸಾಮಾನಿಗೆ 'ಲೂಸ್ ಪಾರ್ಟ್ಸ್' ಅನ್ನುತ್ತಾರೆ. ಬ್ರಿಟನ್ನಿನ ಸೈಮನ್ ನಿಕೋಲ್ಸನ್ ಅನ್ನುವವರು 1971ರಲ್ಲಿ ಈ ವಿಚಾರ ಮುಂದಿಟ್ಟರು. ಹೆಸರು ಏನೇ ಇರಲಿ, ನಮ್ಮ ಅಟ್ಟದಲ್ಲಿ ಎಲ್ಲ ಇದೆ: ಹಳೇ ಕಾಟನ್ ಸೀರೆ, ಹತ್ತು ಮೀಟರ್ ಹಗ್ಗ, ತೆಂಗಿನ ಚಿಪ್ಪು ನಾಲ್ಕು, ತಗಡಿನ ಡಬ್ಬಿ, ಒಂದು ಹಳೇ ಸೌಟು, ಬಟ್ಟೆ ಕ್ಲಿಪ್ಪು. ಹಗ್ಗದ ವಿಷಯದಲ್ಲಿ ಮಾತ್ರ ಮೊದಲೇ ಹೇಳಿಬಿಡಿ, ಕುತ್ತಿಗೆಗೆ ಸುತ್ತಬಾರದು.

ಬಟ್ಟೆ ಹಳೆಯದೇ ಇರಲಿ. ಹೊಸ ಬಟ್ಟೆ ಹಾಕಿಸಿದರೆ ನೀವೇ ಕೆಸರಿಗೆ ಅಡ್ಡ ನಿಲ್ಲುತ್ತೀರಿ. ತೆಳು ಬಣ್ಣದ ಪೂರ್ತಿ ತೋಳಿನ ಅಂಗಿ, ಉದ್ದ ಪ್ಯಾಂಟ್, ಕಾಲು ಮುಚ್ಚುವ ಶೂ. ತೆಳು ಬಣ್ಣ ಯಾಕೆ ಅಂದರೆ ಉಣುಗು, ಅಂದರೆ ಚರ್ಮಕ್ಕೆ ಕಚ್ಚಿ ರಕ್ತ ಹೀರುವ ಉಣ್ಣೆ ಹುಳ, ಹತ್ತಿದರೆ ಕಾಣುತ್ತದೆ. ಪ್ರತಿ ಮಗುವಿಗೂ ಒಂದು ಸೀಟಿ, ಒಂದು ಟಾರ್ಚ್. ಔಷಧಿ ಡಬ್ಬಿಯಲ್ಲಿ ಓಆರ್‌ಎಸ್, ಜ್ವರದ ಸಿರಪ್, ಬ್ಯಾಂಡೇಜ್, ಚಿಮಟ, ಸೊಳ್ಳೆಗೆ ಹಚ್ಚುವ ಕ್ರೀಮ್, ನಿಮ್ಮ ಡಾಕ್ಟರ್ ಹೇಳಿದ ಅಲರ್ಜಿ ಔಷಧಿ.

ತಿಂಡಿ ಜಾಸ್ತಿ ಇರಲಿ. ಆಡಿದ ಮಕ್ಕಳಿಗೆ ಸಂಜೆ ಆರಕ್ಕೇ ಹಸಿವು, ಊಟ ಬರುವುದು ಎಂಟೂವರೆಗೆ. ಕೋಡುಬಳೆ, ಅವಲಕ್ಕಿ, ಕಡಲೆಮಿಠಾಯಿ. ಆದರೆ ಟೆಂಟೊಳಗೆ ತಿಂಡಿ ತೆರೆದಿಡಬೇಡಿ. ಮೊದಲು ಇರುವೆ, ಆಮೇಲೆ ಇಲಿ, ಇಲಿ ಹಿಂದೆ ಹಾವು. ಮಂಗ ಇದ್ದರೆ ಜಿಪ್ಪನ್ನೇ ತೆಗೆದು ಒಳಗೆ ಬರುತ್ತದೆ.

5. ಮುಟ್ಟಿದ ಮೊದಲ ಗಂಟೆ

ಹೋದ ತಕ್ಷಣ ಮಕ್ಕಳನ್ನು ಬಿಡಬೇಡಿ, ಮಲಗಲೂ ಬೇಡಿ. ಎಲ್ಲರೂ ಸೇರಿ ಒಂದು ಸುತ್ತು ಹಾಕಿ. ಗಡಿ ತೋರಿಸಿ: ಈ ಹಲಸಿನ ಮರ, ಆ ನೀರಿನ ಟ್ಯಾಂಕ್, ಈ ಕಡೆ ಬೇಲಿ. 'ದೂರ ಹೋಗಬೇಡ' ಅಂದರೆ ಮಗುವಿಗೆ ಅರ್ಥವಾಗುವುದಿಲ್ಲ, 'ಟ್ಯಾಂಕ್ ದಾಟಬೇಡ' ಅಂದರೆ ಆಗುತ್ತದೆ. ಕೆಂಪು ರಿಬ್ಬನ್ ಕಟ್ಟಿದರೆ ಇನ್ನೂ ಒಳ್ಳೆಯದು. ನಿಯಮ ಮೂರೇ ಇರಲಿ. ದೊಡ್ಡವರಿಲ್ಲದೆ ನೀರಿಗಿಲ್ಲ. ಕಾಣದ ಕಡೆ ಕೈ ಹಾಕುವಂತಿಲ್ಲ, ಅಂದರೆ ಹುತ್ತ, ಕಲ್ಲಿನ ಸಂದಿ, ಸೌದೆ ರಾಶಿ, ತರಗೆಲೆ. ಕೇಳದೆ ಯಾವ ಕಾಯಿ-ಹಣ್ಣೂ ಬಾಯಿಗಿಲ್ಲ. ಮೂರು ಸಲ ಸೀಟಿ ಊದಿದರೆ ಎಲ್ಲರೂ ಓಡಿ ಬರಬೇಕು, ಇದನ್ನು ಅಲ್ಲೇ ಒಮ್ಮೆ ಆಡಿಸಿ ನೋಡಿ.

ಸುತ್ತು ಹಾಕುವಾಗ ನೀವು ಮೇಲೂ ನೋಡಿ. ಮರದಲ್ಲಿ ಹೆಜ್ಜೇನು ಗೂಡಿದ್ದರೆ ಅದರ ಹತ್ತಿರ ಹೊಗೆ, ಕಲ್ಲು, ಗಲಾಟೆ ಯಾವುದೂ ಬೇಡ. ಬೇಲಿಯಲ್ಲಿ ನಸುಗುನ್ನಿ ಕಾಯಿ ಇದ್ದರೆ ತೋರಿಸಿಕೊಡಲು ತೋಟದವರನ್ನೇ ಕೇಳಿ, ಅದರ ರೋಮ ತಾಗಿದರೆ ಮೈಯೆಲ್ಲ ತುರಿಕೆ, ಆ ದಿನದ ಆಟ ಮುಗಿಯಿತು. ಉಮ್ಮತ್ತಿ ಕಾಯಿ ವಿಷ. ಗುಲಗಂಜಿಯೂ ವಿಷ, ಕೆಂಪು-ಕಪ್ಪು ಚಂದ ನೋಡಿ ಮಕ್ಕಳು ಆರಿಸುತ್ತಾರೆ. ಆರಿಸಲಿ, ಆದರೆ ಜಗಿಯಬಾರದು, ಚುಚ್ಚಿ ಸರ ಮಾಡಬಾರದು. ಬಾಯಿಗೆ ಹಾಕುವ ವಯಸ್ಸಿನ ಪುಟ್ಟ ಮಗು ಜೊತೆಗಿದ್ದರೆ ಆರಿಸುವುದೂ ಬೇಡ.

6. ಈಗ ನೀವು ಸುಮ್ಮನಿರಿ

ಇದೇ ಕಷ್ಟದ ಹಂತ. ಮೊದಲ ಅರ್ಧ ಮುಕ್ಕಾಲು ಗಂಟೆ ಮಕ್ಕಳು 'ಬೋರ್ ಆಗ್ತಿದೆ, ಏನು ಮಾಡ್ಲಿ' ಅಂತ ನಿಮ್ಮ ಸುತ್ತಲೇ ಸುತ್ತುತ್ತಾರೆ. ನೀವು ಮೊಬೈಲ್ ಕೊಟ್ಟರೆ ಅಲ್ಲಿಗೆ ಕತೆ ಮುಗಿಯಿತು. 'ಬನ್ನಿ ಲಗೋರಿ ಆಡೋಣ' ಅಂತ ನೀವೇ ಎದ್ದರೂ ಹೆಚ್ಚು ಕಡಿಮೆ ಅಷ್ಟೇ. 'ಬೋರ್ ಆಗುತ್ತೆ, ಆಗಲಿ' ಅಂದು ಪುಸ್ತಕ ತೆರೆಯಿರಿ. ಚಿಪ್ಪು, ಹಗ್ಗ, ಸೀರೆ ಹತ್ತಿರದಲ್ಲಿ ಬಿದ್ದಿರಲಿ. ಏನು ಮಾಡಬಹುದು ಅಂತ ಹೇಳಬೇಡಿ.

ನಮ್ಮ ಮನೆಯಲ್ಲಿ ನಡೆದದ್ದು ಹೇಳುತ್ತೇನೆ, ಒಂದೇ. ಮೂಡಿಗೆರೆ ಕಡೆಯ ತೋಟ, ಹಿಂದಿನ ರಾತ್ರಿ ಮಳೆ ಬಂದಿತ್ತು. ಮಗಳು ಸೂರಿನಿಂದ ಬಿದ್ದ ನೀರು ಗುಳಿ ಮಾಡಿದ್ದನ್ನು ನೋಡುತ್ತ ಕೂತಿದ್ದಳು. ಸುಮಾರು ಹೊತ್ತಿನ ಮೇಲೆ ಬೆರಳಲ್ಲಿ ಒಂದು ಗುಳಿಯಿಂದ ಇನ್ನೊಂದಕ್ಕೆ ಗೀರಿದಳು, ನೀರು ಹರಿಯಿತು. ಅಷ್ಟೇ ಸಾಕಾಯಿತು. ಸೌಟು ಬಂತು, ಚಿಪ್ಪು ಬಂತು, ತೋಟದ ಲೆಕ್ಕ ನೋಡುವ ರೈಟರ ಮಗ ಬಂದು ಅಡಿಕೆ ಹಾಳೆಯ ತುಂಡು ಇಟ್ಟು ತೂಬು ಮಾಡಿದ. ಮಧ್ಯಾಹ್ನ ಊಟಕ್ಕೆ ಕರೆದಾಗ ಇಬ್ಬರೂ ಜಗಳ ಆಡುತ್ತಿದ್ದರು, ಕಾಲುವೆ ಯಾರ ಗದ್ದೆಗೆ ಮೊದಲು ಅಂತ. ನಾನು ನಡುವೆ ಹೋಗಲಿಲ್ಲ. ಹೋಗಬೇಕು ಅನ್ನಿಸಿದ್ದು ನಿಜ.

ಎಷ್ಟು ದೂರದಿಂದ ನೋಡಬೇಕು? ಮೂರು ವರ್ಷದೊಳಗೆ ಕೈಗೆಟಕುವಷ್ಟು ಹತ್ತಿರ. ನಾಲ್ಕರಿಂದ ಆರು, ಕಣ್ಣಿಗೆ ಕಾಣುವಷ್ಟು. ಏಳು ದಾಟಿದವರು ಕೂಗಿದರೆ ಕೇಳಿಸುವಷ್ಟು, ಆದರೆ ಇಬ್ಬರು ಜೊತೆಗಿರಬೇಕು. ನೀರಿನ ಹತ್ತಿರ ಈ ಲೆಕ್ಕ ಯಾವುದೂ ಇಲ್ಲ, ಯಾವ ವಯಸ್ಸಾದರೂ ದೊಡ್ಡವರೊಬ್ಬರು ಪಕ್ಕದಲ್ಲೇ. ಯಾರ ಪಾಳಿ ಅಂತ ಹೆಸರು ಹಿಡಿದು ಹೇಳಿ. 'ಎಲ್ಲರೂ ನೋಡ್ತಿದ್ದಾರೆ' ಅಂದರೆ ಯಾರೂ ನೋಡುತ್ತಿಲ್ಲ.

ಮರ ಹತ್ತುವಾಗ 'ಹುಷಾರು, ಬೀಳ್ತೀಯ' ಅಂತ ಕೂಗಬೇಡಿ. ಬದಲಿಗೆ 'ಆ ಕೊಂಬೆ ಗಟ್ಟಿ ಇದೆಯಾ ನೋಡ್ಕೊ, ಎಡಗಾಲು ಎಲ್ಲಿಡ್ತೀಯ' ಅನ್ನಿ. ನೀವು ಎತ್ತಿ ಕೂರಿಸಬೇಡಿ. ತಾನಾಗಿ ಹತ್ತಿದ ಎತ್ತರದಿಂದ ಮಗು ಸಾಮಾನ್ಯವಾಗಿ ತಾನೇ ಇಳಿಯುತ್ತದೆ, ನೀವು ಕೂರಿಸಿದ ಎತ್ತರದಿಂದ ಇಳಿಯಲು ಬರುವುದಿಲ್ಲ. ಮಳೆಯಲ್ಲಿ ನೆನೆದ ಮರ, ನುಗ್ಗೆ ಮರ ಬೇಡ. ನುಗ್ಗೆ ಕೊಂಬೆ ಪಟ್ಟಂತ ಮುರಿಯುತ್ತದೆ.

7. ಜಿಗಣೆ, ಉಣುಗು, ಹಾವು

ಜಿಗಣೆ, ಮಲೆನಾಡಿನವರ ಇಂಬಳ, ಅಸಹ್ಯ ಅಷ್ಟೇ, ಅಪಾಯ ಕಡಿಮೆ. ಉಗುರಿನಿಂದ ಬಾಯಿ ಬಿಡಿಸಿ, ಸೋಪು ಹಾಕಿ ತೊಳೆಯಿರಿ. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಗಾಬರಿ ಬೇಡ. ನೀವು ಕಿರುಚಿದರೆ ಮಕ್ಕಳು ಮುಂದಿನ ಐದು ವರ್ಷ ಹುಲ್ಲಿಗೆ ಕಾಲಿಡುವುದಿಲ್ಲ.

ಉಣುಗನ್ನು ಹಗುರವಾಗಿ ತಗೊಳ್ಳಬೇಡಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಇದರಿಂದಲೇ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡದ ಕಡೆ ಹೋಗುವುದಾದರೆ ಆ ಊರಿನಲ್ಲಿ ಕಾಯಿಲೆ ಇದೆಯಾ ಅಂತ ಮೊದಲೇ ವಿಚಾರಿಸಿ. ಇದ್ದರೆ ಕಾಡಿಗೆ ಕಾಲಿಡಬೇಡಿ, ಮಂಗ ಸತ್ತು ಬಿದ್ದ ಜಾಗದ ಹತ್ತಿರವೂ ಸುಳಿಯಬೇಡಿ.

ಹಾವು ಕಡಿದರೆ ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. ಕಡಿದ ಕೈ-ಕಾಲು ಅಲ್ಲಾಡಿಸದೆ, ಮಗುವನ್ನು ನಡೆಸದೆ ಎತ್ತಿಕೊಂಡು ನೇರ ಆಸ್ಪತ್ರೆಗೆ. 108ಕ್ಕೆ ಫೋನ್ ಮಾಡಿ. ನಾಟಿ ಔಷಧಿ ಕೊಡುವವರ ಮನೆ ಹುಡುಕುತ್ತ ಹೊತ್ತು ಕಳೆಯಬೇಡಿ.

8. ರಾತ್ರಿ

ಟೆಂಟಿನ ಜಿಪ್ ಹಗಲು ಹೊತ್ತೂ ಕೆಳಗಿನವರೆಗೆ ಮುಚ್ಚಿರಲಿ. ಮಕ್ಕಳನ್ನು ನೆಲದ ಮೇಲೆ ಮಲಗಿಸಬೇಡಿ, ಕಟ್ಟುಹಾವು ಕಡಿಯುವುದು ಹೆಚ್ಚಾಗಿ ರಾತ್ರಿ, ನೆಲದಲ್ಲಿ ಮಲಗಿದವರಿಗೆ. ಎಕ್ಸ್‌ಟ್ರಾ ಬೆಡ್ ಅಂತ ಕೆಳಗೆ ಹಾಸಿಗೆ ಹಾಸಿದರೆ ಮಂಚ ಕೇಳಿ. ಶೂ ಒಳಗಿಡಿ, ಬೆಳಗ್ಗೆ ಕೊಡವಿ ಹಾಕಿ, ಚೇಳಿರಬಹುದು.

ಚಳಿ ಅಂತ ಕೆಂಡದ ಅಗ್ಗಿಷ್ಟಿಕೆಯನ್ನು ಟೆಂಟೊಳಗೆ ತರಲೇಬೇಡಿ. ಮುಚ್ಚಿದ ಜಾಗದಲ್ಲಿ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಮಲಗಿದವರು ಏಳುವುದಿಲ್ಲ. ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಇದ್ದರೆ ಅದು ಹೊರಗಿದೆಯಾ, ಗಾಳಿಕಿಂಡಿ ಇದೆಯಾ ನೋಡಿ. ಇಲ್ಲದಿದ್ದರೆ ಬಕೆಟ್‌ನಲ್ಲಿ ನೀರು ತರಿಸಿ.

ಊಟ ಆದ ಮೇಲೆ ಹತ್ತು ನಿಮಿಷ ಎಲ್ಲ ದೀಪ, ಟಾರ್ಚ್ ಆರಿಸಿ ಜಗಲಿಯಲ್ಲಿ ಕೂರಿ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಮಿಂಚುಹುಳು ಒಂದೊಂದೇ ಕಾಣುತ್ತವೆ. ಮಕ್ಕಳೇ ಎಣಿಸಲು ಶುರುಮಾಡುತ್ತಾರೆ.

9. ವಾಪಸ್ ಬಂದ ಮೇಲೆ

ಅವತ್ತೇ ಬಿಸಿನೀರಿನ ಸ್ನಾನ ಮಾಡಿಸಿ, ಕಿವಿ ಹಿಂದೆ, ಕಂಕುಳು, ಮಂಡಿ ಹಿಂದೆ, ತಲೆಕೂದಲು ಬೆರಳಾಡಿಸಿ ನೋಡಿ. ಉಣುಗು ಸಿಕ್ಕರೆ ಚಿಮಟದಿಂದ ಚರ್ಮದ ಬುಡದಲ್ಲೇ ಹಿಡಿದು ನೇರ ಎಳೆಯಿರಿ, ಹಿಸುಕಬೇಡಿ, ಸುಡಬೇಡಿ. ಎರಡು ವಾರದೊಳಗೆ ಜ್ವರ ಬಂದರೆ ಡಾಕ್ಟರಿಗೆ ಯಾವ ಊರಿಗೆ ಹೋಗಿದ್ದಿರಿ ಅಂತ ಮೊದಲು ಹೇಳಿ, ಅವರು ಕೇಳಲಿ ಅಂತ ಕಾಯಬೇಡಿ.

ಬಟ್ಟೆ ಬಿಸಿನೀರಲ್ಲಿ ಒಗೆಯಿರಿ. ಮೆಷಿನ್‌ಗೆ ಹಾಕುವ ಮುಂಚೆ ಜೇಬು ನೋಡಿ. ನಮಗೆ ಹೋದ ಸಲ ಸಿಕ್ಕಿದ್ದು: ಹನ್ನೊಂದು ಕಲ್ಲು, ಅರ್ಧ ಕೋಡುಬಳೆ, ಜೀವ ಇದ್ದ ಒಂದು ಬಸವನಹುಳು, ಎಣಿಸಿ ನೋಡಿದರೆ ಇಪ್ಪತ್ಮೂರು ಗುಲಗಂಜಿ. ಹುಳವನ್ನು ತುಳಸಿ ಕುಂಡದಲ್ಲಿ ಬಿಟ್ಟೆವು. ಗುಲಗಂಜಿ ಈಗ ಬಿಗಿ ಮುಚ್ಚಳದ ಬಾಟಲಿಯಲ್ಲಿ, ದೇವರ ಮನೆಯ ಮೇಲಿನ ಗೂಡಿನಲ್ಲಿದೆ. ಪಕ್ಕದ ಮನೆಯ ಪುಟ್ಟ ಬಂದಾಗ ಕೈಗೆಟಕಬಾರದಲ್ಲ.